ಅತ್ತೆಯ ತಲೆಯ ಮೇಲೆ ಅವ್ವನ ಕೈ

ನಮ್ಮ ಮನೆಯಲ್ಲಿ ದೇವರ ಆಣೆಗೆ ಅಂಥ ಬೆಲೆಯೇನೂ ಇರಲಿಲ್ಲ. ಅಪ್ಪ ದಿನಕ್ಕೆ ಹತ್ತು ಸಲ ದೇವರಾಣೆ ಅನ್ನುತ್ತಿದ್ದ, ಅದರಲ್ಲಿ ಒಂಬತ್ತು ಸುಳ್ಳು. ನೂಲಿನ ವ್ಯಾಪಾರಿಗೂ ದೇವರಾಣೆ, ನನಗೂ ದೇವರಾಣೆ, ಗುಟ್ಕಾ ಬಾಯಲ್ಲಿಟ್ಟುಕೊಂಡೇ ಗುಟ್ಕಾ ಬಿಟ್ಟಿದ್ದೇನೆಂದು ಅವ್ವನಿಗೂ ದೇವರಾಣೆ. ಆದರೆ ಅತ್ತೆಯ ಆಣೆ ಅಂದರೆ ಸಾಕು, ಅಪ್ಪನ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಆ ಗುಟ್ಕಾ ಬಿಡಿಸಿದ್ದೂ ಅತ್ತೆಯ ಆಣೆಯೇ. ಅದೊಂದು ಒಳ್ಳೆಯ ಕೆಲಸವನ್ನು ಅವಳ ಲೆಕ್ಕಕ್ಕೆ ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದೀತು.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಸಾವಳಗಿಯಿಂದ ಬನಹಟ್ಟಿಗೆ ಮರಳಿ ಬಂದವಳು. ಅವಳು ಬಂದ ಮರುವರ್ಷ ನಮ್ಮ ಅಜ್ಜ ಅಜ್ಜಿ ಇಬ್ಬರೂ ತೀರಿಕೊಂಡರಂತೆ. ಮನೆಯಲ್ಲಿ ಉಳಿದದ್ದು ಒಂದು ಕೈಮಗ್ಗ, ಇಬ್ಬರು ಚಿಕ್ಕ ತಮ್ಮಂದಿರು. ಆಗೆಲ್ಲ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಕಂಡಿಕೆಗೆ ನೂಲು ಸುತ್ತುತ್ತಿದ್ದರೇ ಹೊರತು ನೇಯಲು ಮಗ್ಗದ ಕುಣಿಗೆ ಇಳಿಯುತ್ತಿರಲಿಲ್ಲ. ಅತ್ತೆ ಸೀರೆಯ ಕಚ್ಚೆ ಕಟ್ಟಿ ಕುಣಿಗೆ ಇಳಿದಳು. ತಮ್ಮಂದಿರನ್ನು ಸಾಲಿಗೆ ಕಳಿಸಿದಳು, ಇಬ್ಬರಿಗೂ ಹೆಣ್ಣು ನೋಡಿದಳು, ಕೈಮಗ್ಗ ಹೋಗಿ ಪವರ್‌ಲೂಮ್ ಬಂದಾಗ ಒಂದರಿಂದ ಆರಕ್ಕೆ ಏರಿಸಿದಳು. ಅಷ್ಟಾಗಿಯೂ ಒಂದೇ ಒಂದು ಮಗ್ಗವೂ ಅವಳ ಹೆಸರಿಗಿರಲಿಲ್ಲ, ಎಲ್ಲ ತಮ್ಮಂದಿರ ಹೆಸರಿಗೆ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಅಲ್ಲಗಳೆಯಲು ಆಗದ್ದೇ ನಮ್ಮೆಲ್ಲರ ಕುತ್ತಿಗೆಗೆ ಬಂದದ್ದು.

ಅವಳು ಆಣೆ ಹಾಕುವ ರೀತಿ ಹೀಗಿತ್ತು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಹತ್ತಿರ ಕರೆಯುತ್ತಿದ್ದಳು. ನಮ್ಮ ಬಲಗೈ ಹಿಡಿದು ತನ್ನ ನಡುನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಆಮೇಲೆ ಹೇಳುತ್ತಿದ್ದಳು: "ಇನ್ನ ಆ ಕೆಲಸಾ ಮಾಡಿದ್ರ ನನ್ನ ಹೆಣಾ ನೋಡ್ತಿ." ಅಷ್ಟೇ. ಆಣೆ ಬಿದ್ದಂತೆ. ಬಿಡಿಸಿಕೊಳ್ಳಬೇಕಾದರೂ ಅವಳ ಹತ್ತಿರವೇ ಹೋಗಬೇಕು. ಅವಳಿಗೆ ಮನಸ್ಸು ಬಂದರೆ ಮತ್ತೆ ಅದೇ ಕೈ, ಅದೇ ನೆತ್ತಿ. ಬಾಯಲ್ಲಿ ಮಾತ್ರ "ಬಿಟ್ಟೇನಿ ಹೋಗು." ಹಾಕಿದವರೇ ಬಿಡಬೇಕು, ಬಾಯಿಬಿಟ್ಟು ಹೇಳಿ ಬಿಡಬೇಕು. ಹಾಕಿದವರು ಬಿಡದೆ ಸತ್ತರೆ ಆ ಆಣೆ ಮುಂದೆ ಯಾರಿಂದಲೂ ಬಿಡುವುದಿಲ್ಲ. ಇದು ನಮ್ಮ ಮನೆಯ ಕಾಯ್ದೆ.

ಇಂಥದ್ದನ್ನು ಯಾರು ನಂಬುತ್ತಾರೆ ಅಂತ ಮುಧೋಳದಲ್ಲಿ ನಾನು ಕಲಿಸುವ ಸಾಲಿಯ ಶಿಕ್ಷಕಿಯರು ನಗುತ್ತಾರೆ. ನಂಬುವ ಹಾಗೆ ಮಾಡಿದವನು ನಮ್ಮ ಚಿಕ್ಕಪ್ಪ. ಬೇರೆಯಾಗಿ ರಬಕವಿಯಲ್ಲಿ ಮಗ್ಗ ಹಾಕಬೇಕೆಂದು ಅವನಿಗೆ ಆಸೆ. ಅತ್ತೆ ಅವನ ಕೈಯನ್ನು ನೆತ್ತಿಗೆ ಇಟ್ಟುಕೊಂಡಳು. ಅವನು ಐದು ವರ್ಷ ಸುಮ್ಮನಿದ್ದು, ಆರನೆಯ ವರ್ಷ ಗಟ್ಟಿ ಮನಸ್ಸು ಮಾಡಿ ಹೋದ. ಅದೇ ವಾರ ಅತ್ತೆಗೆ ಕಾಮಣಿ ಆಯಿತು. ಕಣ್ಣು ಅರಿಷಿಣವಾಗಿ, ಅನ್ನ ನೀರು ಬಿಟ್ಟು, ಇನ್ನೇನು ಹೋದಳು ಅನ್ನುವ ತನಕ ಬಂತು. ಚಿಕ್ಕಪ್ಪ ಓಡಿ ಬಂದು ಅವಳ ಕಾಲ ಹತ್ತಿರ ಕೂತು ಅತ್ತ, ರಬಕವಿಯ ಮಗ್ಗ ಬಿಚ್ಚಿಕೊಂಡು ಬಂದ. ಆ ತಿಂಗಳು ನಲ್ಲಿಯ ನೀರು ಕೆಟ್ಟು ನಮ್ಮ ಓಣಿಯಲ್ಲಿ ಮನೆಗೊಬ್ಬರಿಗೆ ಕಾಮಣಿ ಆಗಿತ್ತು. ಎದುರುಮನೆಯಲ್ಲಿ ಮೂವರಿಗೆ ಆಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅತ್ತೆ ಎದ್ದು ಕೂತ ಮೇಲೆ ಅವಳ ಆಣೆ ಮೀರಿದವರಿಲ್ಲ.

ಇನ್ನು ಅವ್ವನ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಬಾಯಿಯ ಮಾತು ಹೇಳಬೇಕು, ಯಾಕೆಂದರೆ ಎಲ್ಲ ಶುರುವಾದದ್ದು ಅದರಿಂದ.

ನಾನಾಗ ಪಿಯುಸಿ ಓದುತ್ತಿದ್ದೆ. ರವಿವಾರ ನನಗೆ ಎರಡು ಮಗ್ಗ ನೋಡಿಕೊಳ್ಳುವ ಕೆಲಸ. ಮಗ್ಗ ಓಡುವಾಗ ಹಾಸಿನ ಎಳೆ ಹರಿದರೆ ಕೂಡಲೇ ನಿಲ್ಲಿಸಿ, ಅದೇ ಬಣ್ಣದ ನೂಲು ಕೊಟ್ಟು ಗಂಟು ಹಾಕಬೇಕು. ನಾನು ತೊಡೆಯ ಮೇಲೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದವಳು ಅವಸರದಲ್ಲಿ ಮೆಂತೆಕಾಳಿನ ಬಣ್ಣದ ಸೀರೆಯ ಮೈಗೆ ಹಸಿರು ಎಳೆ ಕಟ್ಟಿಬಿಟ್ಟೆ. ಅತ್ತೆ ನೋಡುವ ಹೊತ್ತಿಗೆ ಅದು ಅಂಚಿನ ಬದಿಗೆ ಒಂದು ಗೇಣು ನೇಯ್ದುಹೋಗಿತ್ತು. ಬೈಗುಳ ತಿಂದೆ. ಆ ಸೀರೆ ಕಡಿಮೆ ಬೆಲೆಯ ಸೆಕೆಂಡ್ಸ್ ಮಾಲಿನ ಗಂಟಿನಲ್ಲಿ ವ್ಯಾಪಾರಿಯ ಕೈಗೆ ಹೋಯಿತು, ನಾನು ಮರೆತೆ.

ಮರುವರ್ಷ ಅಣ್ಣನ ಮದುವೆ. ಅವ್ವನ ತವರು ಲೋಕಾಪುರ. ಅಲ್ಲಿಂದ ಮಾಮಾ, ಅಂದರೆ ಅವ್ವನ ತಮ್ಮ, ಉಡುಗೊರೆಯ ಆಯೇರಿ ತಂದಿದ್ದ. ಅವನದು ಜ್ವಾಳ ಬೀಸುವ ಗಿರಣಿ, ಅರಿವೆಯ ಬಗ್ಗೆ ಅವನಿಗೆ ತಿಳಿದದ್ದು ಮೈ ಮುಚ್ಚುತ್ತದೆ ಅನ್ನುವುದಷ್ಟೇ. ಎಲ್ಲರಿಗೂ ಕೊಟ್ಟು ಕೊನೆಗೆ ಅತ್ತೆಯ ಮುಂದೆ ಬಗ್ಗಿ, ಎರಡೂ ಕೈಯಿಂದ ಒಂದು ಸೀರೆ ಹಿಡಿದ. "ನಿಮ್ಮ ಬನಹಟ್ಟಿ ಸೀರಿನ ತಂದೇನ್ರಿ ಅಕ್ಕಾರ, ನಿಮಗ ಬ್ಯಾರೆ ಊರಿಂದು ಸೇರಾಂಗಿಲ್ಲಂತ ಅಂಗಡ್ಯಾಗ ಕೇಳಿ ತಗೊಂಡೆ" ಅಂದ. ಪಾಪ, ಬಹಳ ಖುಷಿಯಲ್ಲಿದ್ದ. ಅತ್ತೆಯೂ ನಕ್ಕಳು. ಸೀರೆ ಬಿಚ್ಚಿ ಮಡಿಲಲ್ಲಿ ಹರಡಿಕೊಂಡಳು. ಹಿಂದೆ ನಿಂತಿದ್ದ ನನಗೆ ಆ ಹಸಿರು ಗೇಣು ಕಂಡಿತು.

"ಅತ್ತೀ, ಇದು ನಾ ಕೆಡಿಸಿದ ಸೀರಿ!" ಅಂತ ಕಿರುಚಿದೆ. ಹಳೆಯ ಗೆಳತಿ ಸಿಕ್ಕಷ್ಟು ಸಂತೋಷ ನನಗೆ. ಸುತ್ತ ಕೂತಿದ್ದವರೆಲ್ಲ ನೇಕಾರರ ಮನೆಯ ಹೆಣ್ಣುಮಕ್ಕಳು. ಒಬ್ಬಳು ಅಂಚು ಎಳೆದು ನೋಡಿದಳು, ಇನ್ನೊಬ್ಬಳ ಕೈಗೆ ಕೊಟ್ಟಳು. ಸೀರೆ ಇಡೀ ಚಾಪೆ ಸುತ್ತಿ ಬಂತು. "ಅಕ್ಕಾರ, ನಿಮ್ಮ ಮನಿ ಸೆಕೆಂಡ್ಸ್ ಮಾಲು ಬೀಗರು ನಿಮಗ ಆಯೇರಿ ಮಾಡ್ಯಾರಲ್ರಿ!" ಅಂತ ಯಾರೋ ಅಂದದ್ದೇ ತಡ, ನಗೆಯೋ ನಗೆ. ಮಾಮಾಗೆ ಏನೂ ತಿಳಿಯಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ ಅಂತ ಅವನೂ ನಕ್ಕ. ಅದೇ ಕೆಟ್ಟದ್ದಾಯಿತು. ನಲವತ್ತು ವರ್ಷದಲ್ಲಿ ಅತ್ತೆಯ ಎದುರಿಗೆ ಅತ್ತೆಯನ್ನೇ ನೋಡಿ ಯಾರೂ ನಕ್ಕಿರಲಿಲ್ಲ.

ಅವಳು ಸಿಟ್ಟು ತೋರಿಸಲಿಲ್ಲ. ಸೀರೆ ಮಡಿಸಿದಳು. ಲೋಕಾಪುರದವರಿಗೆ ತಾನೇ ಎದುರು ನಿಂತು ಹೋಳಿಗೆ ಬಡಿಸಿದಳು, ತುಪ್ಪ ಹೆಚ್ಚಾಗಿಯೇ ಹಾಕಿದಳು. ಮದುವೆಯ ಗದ್ದಲ ಮುಗಿದು ಮೂರನೆಯ ದಿನ, ಅವ್ವ ಪಡಸಾಲೆಯಲ್ಲಿ ಪಾತ್ರೆ ಎಣಿಸಿ ಇಡುತ್ತಿದ್ದಾಗ, ಕರೆದಳು. ಅವ್ವ ಕೈ ಒರೆಸಿಕೊಂಡು ಹೋದಳು. ಅತ್ತೆ ಆ ಒದ್ದೆ ಕೈಯನ್ನು ತನ್ನ ನೆತ್ತಿಗೆ ಇಟ್ಟುಕೊಂಡಳು.

"ಇನ್ನ ಮುಂದ ನೀ ನಿನ್ನ ತವರ ಹೊಸ್ತಲಾ ತುಳದ್ರ, ಅಲ್ಲಿಯವರ ಮಕಾ ಕಣ್ಣಿಲೆ ನೋಡಿದ್ರ, ನನ್ನ ಹೆಣಾ ನೋಡ್ತಿ."

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಬೋಲ್ಟು ಬಿಗಿಸುವ ಪಾನಾ ಹಿಡಿದು ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಮಗ್ಗ ನಿಂತಿದೆ ಅನ್ನುವ ಹಾಗೆ ಗಡಬಡಿಸಿ ಒಳಗೆ ಹೋದ. ನಿಂತ ಮಗ್ಗ ಯಾವುದೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಬಿಡುತ್ತಾಳೆ ಅಂದುಕೊಂಡೆವು. ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರಪಂಚಮಿ ಬಂತು. ಲೋಕಾಪುರದಿಂದ ಕರೆಯಲು ಬಂದ ಮಾಮಾನನ್ನು ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ಅವ್ವ ಅಡಿಗೆಮನೆಯ ಗೋಡೆಗೆ ಮುಖ ಮಾಡಿ ಕೂತು ತಮ್ಮನ ದನಿ ಕೇಳಿದಳು. ಅವನು ತಂದಿದ್ದ ಹಬ್ಬದ ತಿಂಡಿ ಅಳ್ಳಿಟ್ಟಿನ ಡಬ್ಬಿ ಮಾತ್ರ ಒಳಗೆ ಬಂತು. ಮರುವರ್ಷವೂ ಹಾಗೇ. ಮೂರನೆಯ ವರ್ಷ ಅವನು ಬರಲಿಲ್ಲ.

ಅವ್ವನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಗಿರಣಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು, ಹಿಟ್ಟಿನ ಧೂಳಿಗೆ ಅವಳ ಹುಬ್ಬು ಯಾವಾಗಲೂ ಬೆಳ್ಳಗೆ. ಮಗಳು ಯಾಕೆ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಆದರೂ ಸಿಕ್ಕಾಗೆಲ್ಲ ನನ್ನನ್ನು ಕೇಳುತ್ತಿದ್ದಳು. ನಾನು ಉತ್ತರವಾಗಿ ಅತ್ತೆಯನ್ನು ಬೈಯುತ್ತಿದ್ದೆ. ಆಯಿ ಬೈಯುತ್ತಿರಲಿಲ್ಲ. "ಆಕಿನೂ ಏನ ಸುಖಾ ಕಂಡಾಳ ಬಿಡು" ಅನ್ನುತ್ತಿದ್ದಳು. ಅವಳ ಈ ಒಳ್ಳೆಯತನ ನನಗೆ ಆಗ ಮೈ ಉರಿಸುತ್ತಿತ್ತು.

ನನ್ನನ್ನು ಮುಧೋಳಕ್ಕೆ ಕೊಟ್ಟರು. ಬನಹಟ್ಟಿಗೂ ಲೋಕಾಪುರಕ್ಕೂ ನಡುವೆ. ನನಗೆ ಒಳಗೊಳಗೇ ಹಿಗ್ಗು, ಇನ್ನು ತಾಯಿ ಮಗಳನ್ನು ನನ್ನ ಮನೆಯಲ್ಲೇ ಕೂಡಿಸಬಹುದು ಅಂತ. ಅವ್ವ ಒಪ್ಪಲಿಲ್ಲ. ಹೊಸ್ತಿಲು ಅಂದದ್ದು ಒಂದು, ಮುಖ ಅಂದದ್ದು ಇನ್ನೊಂದು, ಎರಡೂ ಆಣೆಯೊಳಗೆ ಬರುತ್ತವೆ ಅಂದಳು. ವಕೀಲರೂ ಅಷ್ಟು ಬಿಡಿಸಿ ನೋಡಲಿಕ್ಕಿಲ್ಲ. ದನಿ ಕೇಳಬಾರದು ಅಂತ ಅತ್ತೆ ಹೇಳಿರಲಿಲ್ಲ, ಹಾಗಾಗಿ ಫೋನು ನಡೆಯುತ್ತಿತ್ತು.

ನನ್ನ ಬಾಣಂತನಕ್ಕೆ ಅವ್ವ ಮುಧೋಳಕ್ಕೆ ಬಂದಿದ್ದಾಗ ಒಂದು ಮಧ್ಯಾಹ್ನ ಮಾಮಾ ವಿಡಿಯೊ ಕಾಲ್ ಮಾಡಿದ. ಪರದೆಯ ಮೇಲೆ ಆಯಿ. "ಮಗಳ್ನ ತೋರ್ಸ ನನಗ" ಅಂದಳು. ನಾನು ಕೂಸನ್ನು ತೋರಿಸಿದೆ. "ಈ ಮಗಳಲ್ಲ, ನನ್ನ ಮಗಳ್ನ" ಅಂದಳು. ಅವ್ವ ಗೋಡೆಗೆ ಸರಿದಳು. ವಿಚಾರ ಮಾಡಿದಳು. ತಾನು ನೋಡಬಾರದು ಅಂತ ಆಣೆ ಇದೆಯೇ ಹೊರತು ತನ್ನನ್ನು ತಾಯಿ ನೋಡಬಾರದು ಅಂತ ಇಲ್ಲವಲ್ಲ. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಫೋನಿನ ಎದುರು ನೆಟ್ಟಗೆ ಕೂತಳು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

"ಕಣ್ಣ ತೆರಿ ನನ್ನವ್ವ."

"ಮಾತಾಡ ಬೇ, ಕೇಳಾಕತ್ತೇನಿ."

"ಕಣ್ಣ ತೆರದ್ರ ಯಾರಿಗೆ ಗೊತ್ತಾಕೈತಿ?"

"ನನಗ ಗೊತ್ತಾಕೈತಿ."

ಆಮೇಲೆ ಇಬ್ಬರೂ ಹಾಗೇ ಮಾತಾಡಿದರು. ಮೆಣಸಿನಕಾಯಿ ಈ ವರ್ಷ ಖಾರವಿಲ್ಲ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ, ಕೂಸಿನ ಕಿವಿ ಯಾವಾಗ ಚುಚ್ಚಿಸುತ್ತೀರಿ. ಅವ್ವನ ಮುಚ್ಚಿದ ರೆಪ್ಪೆಯೊಳಗಿಂದ ನೀರು ಇಳಿಯುತ್ತಿತ್ತು. ಅವತ್ತಿನಿಂದ ಅವ್ವ ನನ್ನ ಮನೆಗೆ ಬಂದಾಗೆಲ್ಲ ಇದೇ ನಡೆಯಿತು, ವರ್ಷಕ್ಕೆ ಎರಡೋ ಮೂರೋ ಸಲ. ಆಯಿ ಪ್ರತಿ ಸಲವೂ ಒಮ್ಮೆ ಕಣ್ಣು ತೆರೆ ಅನ್ನುತ್ತಿದ್ದಳು.

ನಾನು ಒಂದು ಸಲ ಅತ್ತೆಯ ಜೊತೆ ಜಗಳಕ್ಕೆ ಹೋದೆ. ಬಸ್ಸಿನಲ್ಲಿ ಮಹಾಲಿಂಗಪುರ ದಾಟುವ ತನಕ ಏನೇನು ಅನ್ನಬೇಕೆಂದು ತುಟಿಯಲ್ಲೇ ಪಾಠ ಮಾಡಿಕೊಂಡು ಹೋದೆ. ಅವಳು ಮಗ್ಗದ ಶೆಡ್ಡಿನಲ್ಲಿದ್ದಳು. ಆರೂ ಮಗ್ಗ ಓಡುತ್ತಿರುವಾಗ ಅಲ್ಲಿ ಕೂಗಿದರಷ್ಟೇ ಕೇಳುವುದು. ನಾನು ಕೂಗಿದೆ. "ತಪ್ಪು ನಂದು ಅತ್ತಿ. ಸೀರಿ ಕೆಡಿಸಿದಾಕಿ ನಾನು, ಬಾಯಿ ಬಿಟ್ಟಾಕಿ ನಾನು. ನನಗ ಆಣಿ ಹಾಕು, ಅವ್ವನ್ನ ಬಿಡು. ಆಯಿಗೆ ವಯಸ್ಸಾಗೈತಿ."

ಅತ್ತೆ ತಾನು ನೋಡುತ್ತಿದ್ದ ಮಗ್ಗ ನಿಲ್ಲಿಸಿದಳು. ಸಾವಿನ ಸುದ್ದಿ ಬಂದರೂ ಮಗ್ಗ ನಿಲ್ಲಿಸದವಳು ಅವಳು.

"ಸೀರಿ ಸಲುವಾಗಿ ಅಂತ ತಿಳಿದಿಯೇನ? ಸೀರಿ ಸಿಟ್ಟು ಒಂದ ವಾರದಾಗ ಹೋಗೇತಿ" ಅಂದಳು. "ಕೇಳು. ನನಗ ಗಂಡಿಲ್ಲ, ಮಕ್ಕಳಿಲ್ಲ. ಈ ಮನ್ಯಾಗ ನನ್ನ ಹೆಸರಿಲೆ ಒಂದ ಲಾಳಿ ಸೈತ ಇಲ್ಲ. ನಿಮ್ಮಪ್ಪ ನನ್ನ ಮಾತ ಯಾಕ ಕೇಳ್ತಾನ? ಸಾಕೀನಿ ಅಂತೇನು? ಸಾಕಿದವರನ್ನ ಯಾರ್ಯಾರ ಎಲ್ಲೆಲ್ಲಿ ಇಟ್ಟಾರ ಅಂತ ಓಣ್ಯಾಗ ನೋಡೀನಿ. ಅಕ್ಕ ಸಾಯ್ತಾಳ ಅನ್ನೂ ಅಂಜಿಕಿಗೆ ಕೇಳ್ತಾನ. ಒಂದ ಆಣಿ ಬಿಟ್ಟ್ರ ಎಲ್ಲಾ ಬಿಟ್ಟಂಗ. ಆಮ್ಯಾಲ ನನಗ ಇಲ್ಲಿ ಏನೈತಿ?"

ಅವಳು ಹೇಳಿದ್ದು ಖರೆ ಇತ್ತು. ಅವಳು ಕೆಟ್ಟವಳಾಗಿದ್ದರೆ ಮಾತಿಗೆ ಮಾತು ಕೊಟ್ಟು ಬರಬಹುದಿತ್ತು, ಅವಳು ಹೆದರಿದ್ದಳು. ಹೆದರಿದವರ ಕೈಯಲ್ಲಿ ಇನ್ನೊಬ್ಬರ ತಾಯಿ ಸಿಕ್ಕಿಕೊಂಡರೆ ಏನು ಮಾಡುವುದು? ಅತ್ತೆ ಮಗ್ಗ ಚಾಲೂ ಮಾಡಿದಳು. ನಾನು ಚಹಾ ಕುಡಿದು ನಾಲ್ಕರ ಬಸ್ಸಿಗೆ ವಾಪಸು ಬಂದೆ.

ಹೀಗೆ ಒಂಬತ್ತು ವರ್ಷ ಹೋದವು. ಹೋದ ವರ್ಷ ಬೇಸಗೆಯಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದಳು. ಜಮಖಂಡಿಯ ದವಾಖಾನೆಯಲ್ಲಿ ಹತ್ತು ದಿನ ಇಟ್ಟು ಕರೆತಂದರು. ಬಲಗಡೆ ಕೈಕಾಲು ಹೋಗಿತ್ತು, ಮಾತು ಹೋಗಿತ್ತು. ಬುದ್ಧಿ ಚೆನ್ನಾಗಿದೆ, ನೀವು ಅಂದದ್ದು ಅವರಿಗೆ ತಿಳಿಯುತ್ತದೆ, ಮಾತು ಬಂದರೂ ಬರಬಹುದು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಉಣಿಸುವುದು, ತೊಳೆಯುವುದು, ಮಗ್ಗಲು ಬದಲಿಸುವುದು ಎಲ್ಲ ಅವ್ವ. ಬೇರೆ ಯಾರ ಕೈಯಿಂದಲೂ ಅತ್ತೆ ಬಾಯಿ ತೆರೆಯುತ್ತಿರಲಿಲ್ಲ.

ಅದಾಗಿ ಮೂರು ವಾರಕ್ಕೆ ಮಾಮಾನ ಫೋನು. ಆಯಿ ನೀರು ಬಿಟ್ಟಿದ್ದಾಳೆ, ಇವತ್ತೋ ನಾಳೆಯೋ. "ಅಕ್ಕನ್ನ ಒಂದ ಸಲ ಕರ್ಕೊಂಡ ಬಾ ಅವ್ವಿ. ಬಾಳ ಕೇಳಾಕತ್ತಾಳ." ನಾನು ಒಂದು ಕಾರು ಮಾಡಿಕೊಂಡು ಮುಂಜಾನೆ ಎಂಟಕ್ಕೆಲ್ಲ ಬನಹಟ್ಟಿಯಲ್ಲಿದ್ದೆ. ಅವ್ವ ಸುದ್ದಿ ಕೇಳಿ ಕೆಳಗೆ ಕೂತಳು. ಆಮೇಲೆ ಎದ್ದು ಮುಖ ತೊಳೆದುಕೊಂಡಳು, ಸೀರೆ ಬದಲಿಸಿದಳು, ಅತ್ತೆಯ ಕೋಣೆಗೆ ಹೋದಳು. ಅವಳ ಹಿಂದೆ ನಾನು, ಅಪ್ಪ, ಅಣ್ಣ.

ಅವ್ವ ಹಾಸಿಗೆಯ ಪಕ್ಕದಲ್ಲಿ ಕೂತು, "ಅಕ್ಕಾರ, ನಮ್ಮವ್ವ ಹೊಂಟಾಳರಿ. ಒಂದ ಸಲ ಮಕಾ ನೋಡಿ ಬರ್ತೇನ್ರಿ. ಬಿಡ್ರಿ" ಅಂದಳು. ಒಂಬತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಅತ್ತೆ ಅವ್ವನ ಕಡೆ ಕಣ್ಣು ತಿರುಗಿಸಿದಳು. ಆಮೇಲೆ ಎಡಗೈ ಎತ್ತಿದಳು. ಅವ್ವನ ಬಲಗೈ ಹಿಡಿದು ಎಳೆದು, ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ತುಟಿ ಅಲುಗಿತು. ದನಿ ಬರಲಿಲ್ಲ, ಗಂಟಲಿನಲ್ಲಿ ಒಂದು ಗೊರಗೊರ ಅಷ್ಟೇ. ಕೈ ಕೆಳಗೆ ಬಿತ್ತು.

"ಬಿಟ್ಟಳು" ಅಂದೆ ನಾನು. "ಬಿಟ್ಟಳವ್ವಾ, ಏಳು, ಗಾಡಿ ನಿಂತೈತಿ."

ಅಪ್ಪನ ಮುಖ ಬಿಳಿಚಿಕೊಂಡಿತ್ತು. "ಇಲ್ಲ. ಮತ್ತ ಹಾಕಿದ್ಲು" ಅಂದ. "ಕೈ ನೆತ್ತಿಗೆ ಇಟ್ಕೊಂಡ್ಲು ನೋಡ್ಲಿಲ್ಲೇನ? ಹೋಗಬ್ಯಾಡ ಅಂತ ಮತ್ತ ಆಣಿ ಹಾಕಿದ್ಲು ಅಕ್ಕ."

"ಬಿಡೂವಾಗೂ ಹಂಗ ಇಟ್ಕೋತಾಳಲ್ಲಪ್ಪಾ!"

"ಬಿಟ್ಟೇನಿ ಅಂತ ಬಾಯಿಲೆ ಅಂದ್ಲೇನ?"

ಬಾಯಿಯೇ ಇಲ್ಲದವಳು ಬಾಯಿಯಿಂದ ಹೇಗೆ ಅನ್ನಬೇಕು? ಅಣ್ಣನ ಕಡೆ ತಿರುಗಿದೆ. ಅವನು ನೆಲ ನೋಡುತ್ತಾ, "ಅಪ್ಪ ಅನ್ನೂದು ಬರೋಬ್ಬರಿ ಅನಸ್ತೈತಿ. ಅತ್ತಿ ಈ ಹಾಲತ್ತಿನ್ಯಾಗ ಇದ್ದಾಗ ಯಾಕ ಬೇಕು" ಅಂದ. ಅತ್ತೆಯ ಕಣ್ಣು ಅಪ್ಪನಿಂದ ಅಣ್ಣನಿಗೆ, ಅಣ್ಣನಿಂದ ನನಗೆ ಓಡಾಡುತ್ತಿತ್ತು. ಮತ್ತೆ ಎಡಗೈ ಎತ್ತಲು ನೋಡಿದಳು, ಆಗಲಿಲ್ಲ. ಹೊರಗೆ ಕಾರಿನವನು ಹಾರ್ನ್ ಹೊಡೆದ.

ಅವ್ವ ಯಾರ ಮುಖವನ್ನೂ ನೋಡದೆ ಕೂತಿದ್ದಳು. ಅವಳ ರಟ್ಟೆ ಹಿಡಿದು ಎಬ್ಬಿಸಿ ಕಾರಿನಲ್ಲಿ ಕೂರಿಸಬಹುದಿತ್ತು. ಇದನ್ನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ, ನನಗೂ ಅವಳಿಗೂ ಮೂರು ಹೆಜ್ಜೆಯ ಅಂತರ ಇತ್ತು. ನನಗೆ ಆಣೆಯಲ್ಲಿ ನಂಬಿಕೆ ಇಲ್ಲ. ಆದರೆ ನನ್ನ ಮಗಳಿಗೆ ಡೆಂಗ್ಯೂ ಜ್ವರ ಇಳಿದು ಆಗ ನಾಲ್ಕು ದಿನವಾಗಿತ್ತು, ಆಣೆ ಮುರಿಸಿದ ಪಾಪ ಅವಳಿಗೆ ತಟ್ಟಿದರೆ ಅನ್ನುವುದು ಆ ಹೊತ್ತಿಗೆ ಸರಿಯಾಗಿ ತಲೆಗೆ ಬಂತು. ಕಾಮಣಿಯಲ್ಲಿ ಅರಿಷಿಣವಾಗಿದ್ದ ಅತ್ತೆಯ ಕಣ್ಣೂ ನೆನಪಾಯಿತು. ನಂಬಿಕೆ ಇಲ್ಲದವಳಿಗೂ ಅಂಜಿಕೆ ಇತ್ತು, ನಾಚಿಕೆಬಿಟ್ಟು ಬರೆಯುತ್ತಿದ್ದೇನೆ. "ಬರ್ತಿಯೇನವ್ವಾ?" ಅಂತ ಕೇಳಿದೆ, ಅಷ್ಟೇ. ಅವಳು ತಲೆ ಅಲ್ಲಾಡಿಸಿದಳು. ನಾನು ಒಬ್ಬಳೇ ಕಾರು ಹತ್ತಿದೆ.

ಲೋಕಾಪುರ ಮುಟ್ಟಿದಾಗ ಹನ್ನೊಂದು ಗಂಟೆ. ಗಿರಣಿ ಬಂದ್ ಇತ್ತು. ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಹತ್ತಿರ ಕೂತು ಕೈ ಹಿಡಿದೆ. ಅವಳು ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು. ಸೆರಗಿನಿಂದ ತಲೆ ಮುಚ್ಚಿಕೊಂಡಿದ್ದೆ, ನನಗೆ ಅವ್ವನ ಹಣೆ, ಅವ್ವನ ಮೂಗು. ಆಯಿ ಬೆರಳಿನಿಂದ ನನ್ನ ಕಣ್ಣಿನ ರೆಪ್ಪೆ ಮುಟ್ಟಿದಳು, ಒಂದು, ಆಮೇಲೆ ಇನ್ನೊಂದು.

"ತೆರದ್ಯಲ್ಲ" ಅಂದಳು. "ಕಣ್ಣ ತೆರದ್ಯಲ್ಲ ನನ್ನವ್ವ."

ಹಿಂದೆ ನಿಂತಿದ್ದ ಮಾಮಾ, "ಅವ್ವಾ, ಇದು ಮೊಮ್ಮಗಳ" ಅಂತ ಹೇಳಲು ಹೋದ. ಬೇಡ ಅಂತ ಕೈ ಮಾಡಿದೆ. ಕಣ್ಣು ಪಿಳುಕಿಸದೆ ಅವಳ ಎದುರು ಕೂತೆ. ಸಂಜೆ ಐದರ ಸುಮಾರಿಗೆ ಆಯಿ ಹೋದಳು.

ಫೋನು ಮಾಡಿ ಹೇಳಿದೆ. ಅವ್ವ, "ಹೂಂ" ಅಂದಳು. ಮಾರನೆಯ ದಿನ ಮಣ್ಣು ಕೊಡುವುದಕ್ಕೂ ಬರಲಿಲ್ಲ. ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರಿದುಕೊಂಡು, ಒದ್ದೆ ಕೂದಲಿನಲ್ಲೇ ಅತ್ತೆಗೆ ಗಂಜಿ ಕಾಸಲು ಹೋದಳಂತೆ. ಅಪ್ಪ ಅವತ್ತು ಊಟ ಮಾಡಲಿಲ್ಲ ಅಂತ ಅಣ್ಣ ನನಗೆ ಹೇಳಿದ, ಅದೇನೋ ದೊಡ್ಡ ಪರಿಹಾರ ಅನ್ನುವ ಹಾಗೆ. ನಾನು ಐದು ತಿಂಗಳು ಬನಹಟ್ಟಿಗೆ ಕಾಲಿಡಲಿಲ್ಲ. ಯಾರಿಗೆ ಶಿಕ್ಷೆ ಕೊಡುತ್ತಿದ್ದೆನೋ ನನಗೇ ತಿಳಿಯದು, ಅವ್ವ ಒಬ್ಬಳೇ ಅಲ್ಲಿ ಗಂಜಿ ಕಾಸುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ಹೋದೆ. ಅತ್ತೆಗೆ ಮಾತು ಒಂದೊಂದಾಗಿ ಮರಳಿ ಬರುತ್ತಿತ್ತು. ನೀರು, ಸಾಕು, ಬಾ, ಮಗ್ಗ. ಅವಳ ದನಿ ಕೇಳಿದ ಕೂಡಲೇ ಅಪ್ಪ ಮೊದಲಿನ ಹಾಗೆಯೇ ಎದ್ದು ನಿಲ್ಲುತ್ತಿದ್ದ. ನಾನು ಹೋದಾಗ ಅವ್ವ ಅವಳಿಗೆ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ, ಮಾತಾಡಿಸುವ ಮನಸ್ಸಿರಲಿಲ್ಲ. ಅತ್ತೆ ನನ್ನನ್ನು ನೋಡಿದಳು. ಚಮಚವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದಳು. ಬಾಯಿ ಸೊಟ್ಟಗೆ ಮಾಡಿ, ಬಹಳ ಕಷ್ಟಪಟ್ಟು, ಅವ್ವನಿಗೆ ಹೇಳಿದಳು.

"ಅವತ್ತ... ಬಿಟ್ಟಿದ್ದೆ."

ಅವ್ವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅತ್ತೆಯ ಗದ್ದದ ಮೇಲೆ ಇಳಿದಿದ್ದ ಗಂಜಿ ಒರೆಸಿದಳು.

"ಗೊತ್ತಿತ್ತರಿ ಅಕ್ಕಾರ" ಅಂದಳು. ಇನ್ನೊಂದು ಚಮಚ ಎತ್ತಿದಳು.

ಅತ್ತೆಯ ಕಣ್ಣಿನಿಂದ ನೀರು ಬಂತು. ಅವಳು ಅಳುವುದನ್ನು ನಾನು ಅವತ್ತು ಮೊದಲ ಸಲ ನೋಡಿದೆ. ನನಗೆ ಕನಿಕರ ಬರಲಿಲ್ಲ, ಹಾಗಂತ ಸಮಾಧಾನವೂ ಆಗಲಿಲ್ಲ.

ಹಿತ್ತಲಲ್ಲಿ ಅವ್ವ ಬಟ್ಟಲು ತೊಳೆಯುತ್ತಿದ್ದಾಗ ಹೋಗಿ ಎದುರು ಕೂತೆ. "ಖರೇನ ಗೊತ್ತಿತ್ತೇನವ್ವಾ?"

"ಹೂಂ. ಆಣಿ ಹಾಕೂವಾಗ ಅಕ್ಕಾರು ಕೈ ಒತ್ತಿ ಹಿಡಿತಾರ, ಉಗುರ ನಡ್ತಾವ. ಅವತ್ತ ಬರೇ ಇಟ್ಕೊಂಡ್ರು, ಹಗೂರಕ."

"ಮತ್ಯಾಕ ಬರ್ಲಿಲ್ಲ?"

ಅವ್ವ ಬಟ್ಟಲಿಗೆ ಬೂದಿ ಹಚ್ಚಿ ಉಜ್ಜಿದಳು. "ನಿಮ್ಮಪ್ಪ ಹಾಕ್ಯಾಳ ಅಂದ. ನಿಮ್ಮಣ್ಣ ಹೂಂ ಅಂದ. ನಾ ಒಬ್ಬಾಕಿ ಬಿಟ್ಟಾರ ಅಂತ ಹ್ವಾದಾಗ ಅಕ್ಕಾರಿಗೆ ಏನರ ಆಗಿದ್ರ? ತಿರುಗಿ ಬಂದು ಯಾರ ಮನ್ಯಾಗ ಇರ್ಲಿ ನಾ?"

ಅತ್ತೆ ಅವತ್ತೇ ಕೈ ಸಡಿಲ ಬಿಟ್ಟಿದ್ದಳು. ಹಿಡಿದವರು ನಾವು. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ, ಅಪ್ಪನನ್ನು ಬೈಯಬೇಕೆಂದು, ಅಣ್ಣನನ್ನು ಬೈಯಬೇಕೆಂದು. ಅವ್ವ ಬಟ್ಟಲು ಬೋರಲು ಹಾಕಿ, ಕೈ ತೊಳೆದು, ಮೊದಲ ಸಲ ನನ್ನ ಮುಖ ನೋಡಿದಳು.

"ನೀನೂ ಒಂದ ಸಲ ಕೇಳಿ ಸುಮ್ಮನಾದಿ" ಅಂದಳು. "ನೀ ನನ್ನ ಕೈ ಹಿಡದ ಎಳಕೊಂಡ ಹೋಗ್ತಿ ಅಂತ ಮಾಡಿದ್ದೆ. ಅದಕ್ಕ ಸೀರಿ ಉಟ್ಕೊಂಡ ಕುಂತಿದ್ದೆ."

ಒಳಗಿನಿಂದ ಅತ್ತೆ ನೀರು ಕೇಳಿದಳು. ಅವ್ವ ಎದ್ದು ಹೋದಳು.